ಬಿಳಿ ನೊಣ ಹಾರಿದ ದಿಕ್ಕು

ಯಾವ ಗಿಡ ಕಂಡರೂ ಎಲೆಯನ್ನು ಮಗುಚಿ ಹಿಂಬದಿ ನೋಡುವ ಚಟ ನನ್ನದು. ಮದುವೆ ಛತ್ರದ ಬಾಗಿಲಲ್ಲಿಟ್ಟ ಕುಂಡದ ದಾಸವಾಳವಾದರೂ ಸರಿ, ಕೋಲಾರದ ಆಸ್ಪತ್ರೆ ಅಂಗಳದ ಸೀಬೆ ಗಿಡವಾದರೂ ಸರಿ, ಕೈ ತಾನಾಗಿ ಹೋಗುತ್ತದೆ. “ಬನ್ರೀ ಸಾಕು, ಅದೇನು ನಿಮ್ಮ ಹೊಲವಾ?” ಎಂದು ಹೆಂಡತಿ ಅಂಗಿಯ ತೋಳು ಹಿಡಿದು ಎಳೆಯುತ್ತಾಳೆ. ಎಲೆಯ ಹಿಂದೆ ಬಿಳಿಯದೇನೂ ಕಾಣದಿದ್ದರೆ ಸಮಾಧಾನ. ಕಂಡರೆ ಆ ದಿನವೆಲ್ಲ ನಾನು ಯಾರ ಜೊತೆಯೂ ಸರಿಯಾಗಿ ಮಾತಾಡುವುದಿಲ್ಲ.

ಅದಕ್ಕೆ ಕಾರಣವಿದೆ. ಅದನ್ನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ.

ನಮ್ಮೂರು ವಕ್ಕಲೇರಿಯ ಹತ್ತಿರ. ರಾಗಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲಗಳಿಗೆಲ್ಲ ಟೊಮೆಟೊ ಬಂದಾಗ ಅದರ ಜೊತೆಯಲ್ಲೇ ಬಿಳಿ ನೊಣವೂ ಬಂತು. ನೋಡಲು ಏನೂ ಅಲ್ಲ. ಸಾಸಿವೆ ಕಾಳಿಗಿಂತ ಚಿಕ್ಕದು, ಅಕ್ಕಿಹಿಟ್ಟಿನಲ್ಲಿ ಅದ್ದಿ ತೆಗೆದ ಹಾಗಿರುತ್ತದೆ. ಎಲೆಯ ಹಿಂದೆ ಕೂತು ಸೂಜಿಯಂಥ ಬಾಯಿ ಚುಚ್ಚಿ ರಸ ಕುಡಿಯುತ್ತದೆ. ಕುಡಿದರೆ ಕುಡಿಯಲಿ ಎಂದು ಸುಮ್ಮನಿರಬಹುದಿತ್ತು. ಆದರೆ ರೋಗದ ಗಿಡದಲ್ಲಿ ಕುಡಿದು ಎದ್ದದ್ದು ಒಳ್ಳೆಯ ಗಿಡದ ಮೇಲೆ ಹೋಗಿ ಕೂತರೆ ರೋಗವನ್ನೂ ಅಲ್ಲಿಗೆ ದಾಟಿಸುತ್ತದೆ. ಅಂದೇ ಏನೂ ಕಾಣುವುದಿಲ್ಲ. ಎರಡು ಮೂರು ವಾರ ಕಳೆದ ಮೇಲೆ ಕುಡಿ ಎಲೆಗಳು ಹಳದಿಗಟ್ಟಿ, ದೊನ್ನೆಯ ಹಾಗೆ ಮೇಲಕ್ಕೆ ಮಡಚಿಕೊಳ್ಳುತ್ತವೆ. ಗಿಡ ಅಲ್ಲಿಗೇ ನಿಲ್ಲುತ್ತದೆ. ಹೂ ಬಿಟ್ಟರೂ ಉದುರುತ್ತದೆ. ನಮ್ಮ ಕಡೆ ‘ಗಿಡ ಮುದುರಿತು’ ಎನ್ನುತ್ತಾರೆ. ಮುದುರಿದ ಗಿಡಕ್ಕೆ ಔಷಧಿಯಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಕೋಲಾರದಲ್ಲಿ ರೈತರಿಗೆ ಕೊಟ್ಟ ಒಂದು ತರಬೇತಿಯಲ್ಲಿ. ನಾನು ಎಸ್‌ಎಸ್‌ಎಲ್‌ಸಿ ಪಾಸು ಮಾಡಿದವನು. ಊರಿನಲ್ಲಿ ಆ ಕಾಲಕ್ಕೆ ಅದೇ ದೊಡ್ಡದು, ಹಾಗಾಗಿ ತರಬೇತಿ ಎಂದರೆ ನನ್ನನ್ನೇ ಕಳಿಸುತ್ತಿದ್ದರು. ಬಂದವನೇ ತಗಡಿನ ತುಂಡುಗಳಿಗೆ ಹಳದಿ ಬಣ್ಣ ಬಳಿದು, ಹರಳೆಣ್ಣೆ ಸವರಿ, ಹೊಲದ ತುಂಬ ನೆಟ್ಟೆ. ನೊಣಗಳು ಹಳದಿಗೆ ಮರುಳಾಗಿ ಬಂದು ಅಂಟಿಕೊಳ್ಳುತ್ತಿದ್ದವು. ಹೋಗುವವರು ಬರುವವರನ್ನೆಲ್ಲ ನಿಲ್ಲಿಸಿ ತೋರಿಸುತ್ತಿದ್ದೆ. “ಕೊನೇ ಕಟಾವು ಆದ ತಕ್ಷಣ ಹಳೇ ಗಿಡ ಕಿತ್ತು ಸುಡಬೇಕು. ಕೀಳೋ ಮುಂಚೆ ಒಂದು ಸಲ ಔಷಧಿ ಹೊಡೀಬೇಕು. ಇಲ್ಲಾಂದ್ರೆ ನಿಮ್ಮ ನೊಣ ಪಕ್ಕದ ಹೊಲಕ್ಕೆ ಹೋಗುತ್ತೆ” ಎಂದು ಹೇಳದ ದಿನವಿರಲಿಲ್ಲ. ನನ್ನ ಪಕ್ಕದ ಹೊಲದವನು ನನ್ನ ಜೊತೆಯಲ್ಲೇ ಓದಿದವನು, ಏಳನೇ ಕ್ಲಾಸಿಗೆ ಬಿಟ್ಟವನು. ನನ್ನನ್ನು ಕಂಡರೆ ಸಾಕು, ಬದುವಿನ ಮೇಲಿಂದಲೇ ಕೂಗುತ್ತಿದ್ದ: “ಬಂದ್ರಪ್ಪೋ ನೊಣದ ಮೇಷ್ಟ್ರು! ಲೇ ಮೇಷ್ಟ್ರೇ, ಹಾಜರಿ ಹಾಕ್ಕೊಂಡ್ಯಾ ನೊಣಗಳದ್ದು?” ಆ ಹೆಸರು ಊರಿಗೆಲ್ಲ ಹರಡಿತು. ನನಗೆ ಒಳಗೊಳಗೇ ಖುಷಿಯಾಗಿತ್ತು.

ಊರಿನ ಸಸಿಗಳೆಲ್ಲ ಆಗ ಹೋಗುತ್ತಿದ್ದುದು ನನ್ನ ಹೆಂಡತಿಯ ತಂಗಿಯ ನರ್ಸರಿಯಿಂದ. ಅವಳನ್ನು ನಮ್ಮೂರಿಗೇ ಕೊಟ್ಟಿತ್ತು. ಗಂಡ ಶಿವಾರಪಟ್ಟಣಕ್ಕೆ ಹೋಗಿ ವಿಗ್ರಹಗಳಿಗೆ ನಯ ಕೊಡುವ ಕೆಲಸ ಮಾಡುತ್ತಿದ್ದ. ಬೆಳಿಗ್ಗೆ ಹೋದವನು ಸಂಜೆ ಮೈಯೆಲ್ಲ ಕಲ್ಲಿನ ಪುಡಿ ಮೆತ್ತಿಕೊಂಡು ಬರುತ್ತಿದ್ದ. ನರ್ಸರಿ ಪೂರ್ತಿ ಅವಳದೇ. ಮನೆಯ ಹಿಂದೆ ಕಂಬ ನೆಟ್ಟು, ನೊಣ ನುಸುಳದಂಥ ಸಣ್ಣ ಕಣ್ಣಿನ ಬಿಳಿ ನೈಲಾನ್ ಪರದೆ ಕಟ್ಟಿದ್ದಳು. ಎರಡು ಬಾಗಿಲು. ಹೊರಬಾಗಿಲು ಹಾಕಿದ ಮೇಲೆಯೇ ಒಳಬಾಗಿಲು ತೆಗೆಯಬೇಕು. ಅವಳ ಅಕ್ಕ ಹೋದರೂ ಅದೇ ನಿಯಮ. ಕೊಳ್ಳಲು ಬಂದವರ ಮುಂದೆ ಟ್ರೇ ಎತ್ತಿಕೊಂಡು ಬಂದು, ಅವರ ಹೆಗಲಿನ ಕರೀ ಟವೆಲನ್ನೋ ಕೊಡೆಯನ್ನೋ ಕೇಳಿ ಇಸಿದುಕೊಂಡು, ಅದರ ಮೇಲೆ ಸಸಿಗಳನ್ನು ಬಗ್ಗಿಸಿ ಅಂಗೈಯಿಂದ ತಟ್ಟುತ್ತಿದ್ದಳು. “ನೋಡ್ಕೊಳ್ಳಿ. ಒಂದು ನೊಣ ಬಿದ್ರೂ ಟ್ರೇ ಪುಕ್ಕಟೆ ತಗೊಂಡ್ಹೋಗಿ” ಎನ್ನುತ್ತಿದ್ದಳು. ಯಾರೂ ಪುಕ್ಕಟೆ ತೆಗೆದುಕೊಂಡು ಹೋದದ್ದು ನಾನು ಕಾಣೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದಲೂ ಗೂಡ್ಸ್ ಆಟೋ ಮಾಡಿಕೊಂಡು ಬರುತ್ತಿದ್ದರು.

ಆ ವರ್ಷ ಬೇಸಿಗೆ ಆಗತಾನೆ ಕಾಲಿಡುತ್ತಿತ್ತು. ನನ್ನ ಟೊಮೆಟೊ ಮುಗಿದಿತ್ತು. ಅಲ್ಲೊಂದು ಇಲ್ಲೊಂದು ಗಿಡ ಮುದುರಿಯೂ ಇತ್ತು. ಮುಗಿಯುವ ಬೆಳೆಯಲ್ಲಿ ಅದು ಸಾಮಾನ್ಯ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾನೇ ಊರಿಗೆಲ್ಲ ಹೇಳಿದ ಪ್ರಕಾರ ಅಂದೇ ಔಷಧಿ ಹೊಡೆದು ಕಿತ್ತು ಸುಡಬೇಕಿತ್ತು. ಕೀಳಲಿಲ್ಲ. ಕುರಿ ಮಂದೆಗಾಗಿ ಕಾಯುತ್ತಿದ್ದೆ. ಬೆಳೆ ಮುಗಿದ ಹೊಲಕ್ಕೆ ಮಂದೆ ಬಿಟ್ಟರೆ ಹಳೇ ಬಳ್ಳಿ, ಉಳಿದ ಕಾಯಿ ಎಲ್ಲ ಮೇದು, ಮೂರ್ನಾಲ್ಕು ದಿನ ಅಲ್ಲೇ ಮಲಗಿ, ಗೊಬ್ಬರ ಹಾಕಿ ಹೋಗುತ್ತವೆ. ಕುರಿ ಮೇಯುವ ಗಿಡಕ್ಕೆ ಔಷಧಿ ಹೊಡೆಯುವ ಹಾಗಿಲ್ಲ. ಆಂಧ್ರದ ಗಡಿಯ ಕಡೆಯಿಂದ ಬರುವ ಕುರುಬನಿಗೆ ಹೇಳಿದ್ದೆ. ಅವನು ಫೋನಿನಲ್ಲಿ ಪ್ರತಿ ಸಲ “ರೇಪು ವಸ್ತಾನು ಅನ್ನಾ” ಎನ್ನುತ್ತಿದ್ದ. ಅವನ ಆ ತೆಲುಗಿನ ‘ನಾಳೆ’ ಬರಲೇ ಇಲ್ಲ. ಅಷ್ಟರಲ್ಲಿ ಪಕ್ಕದ ಹೊಲದವನು ಹೊಸ ಸಸಿ ನಾಟಿ ಮಾಡಿಸಿದ. ಸಸಿ ನನ್ನ ನಾದಿನಿಯ ನರ್ಸರಿಯದು. ಅವನ ಹೊಲಕ್ಕೂ ನನ್ನ ಹೊಲಕ್ಕೂ ನಡುವೆ ಒಂದು ಬದು, ಒಂದು ಹೊಂಗೆ ಮರ, ಅಷ್ಟೆ.

ಕೊನೆಗೆ ಒಂದು ದಿನ ಕುರುಬ ಮುಳಬಾಗಿಲಿನ ಹತ್ತಿರ ಬೇರೆಯವರ ಹೊಲಕ್ಕೆ ಮಂದೆ ಬಿಟ್ಟಿದ್ದಾನೆಂದು ತಿಳಿಯಿತು. ನನಗೆ ಪಿತ್ತ ನೆತ್ತಿಗೇರಿತು. ಹೊತ್ತು ಏರಿದ್ದರೂ ಹೆಂಡತಿಯನ್ನು ಕರೆದುಕೊಂಡು ಹೋಗಿ ಗಿಡ ಕೀಳಲು ನಿಂತೆ. “ಈಗ ಬ್ಯಾಡ ಕಣ್ರೀ, ಗಾಳಿ ಐತೆ. ನಾಳೆ ಮುಂಜಾನೆ ಇಬ್ಬನಿ ಇರೋವಾಗ ಕೀಳಾಣ. ನೀವೇ ತಾನೇ ಹೇಳೋದು” ಎಂದಳು. ನಾನು ಕೇಳಲಿಲ್ಲ. ನೀಲಗಿರಿ ಕೋಲುಗಳಿಗೆ ಕಟ್ಟಿದ ದಾರ ಕತ್ತರಿಸಿ, ಬುಡ ಹಿಡಿದು ಒಂದು ಗಿಡ ಎಳೆದೆ.

ಒಲೆಗೆ ನೀರು ಸುರಿದಾಗ ಬೂದಿ ಏಳುವ ಹಾಗೆ ನೊಣಗಳು ಎದ್ದವು. ಸಾಲು ಸಾಲಿಗೂ ಎದ್ದವು. ಹೆಂಡತಿ ಸೆರಗಿನಿಂದ ಬಾಯಿ ಮೂಗು ಮುಚ್ಚಿಕೊಂಡು, “ಕಣ್ಣಿಗೆಲ್ಲ ಬೀಳ್ತಾ ಐತಲ್ರೀ” ಎಂದು ದೂರ ಹೋದಳು. ನಾನು ನಿಂತು ನೋಡಿದೆ. ಬಿಸಿಲಿನಲ್ಲಿ ಅವು ಒಂದು ತೆಳು ಬಿಳಿ ಬಟ್ಟೆಯ ಹಾಗೆ ತೇಲಿ, ಬದು ದಾಟಿ, ಹೊಂಗೆ ಮರದ ಕೆಳಗಿನಿಂದ ಹಾದು, ಅವನ ಎಳೆಯ ಸಸಿಗಳ ಮೇಲೆ ಇಳಿದವು. ಕಣ್ಣಾರೆ ಕಂಡೆ. ಅವು ಏನು, ಎಲ್ಲಿಂದ ಎದ್ದವು, ಎಲ್ಲಿ ಕೂತವು, ಮುಂದೆ ಏನಾಗುತ್ತದೆ ಎಂಬುದು ಇಡೀ ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅಂದೇ ಸಂಜೆ ಅವನ ಮನೆಗೆ ಹೋಗಿ, “ನಾಳೆನೇ ಔಷಧಿ ಹೊಡಿ ಕಣೋ, ನನ್ನಿಂದ ಹಿಂಗಾಯ್ತು” ಎಂದಿದ್ದರೆ ಅರ್ಧ ಹೊಲವಾದರೂ ಉಳಿಯುತ್ತಿತ್ತೇನೋ. ಹೋಗಲಿಲ್ಲ. ಏನೂ ಆಗಲಿಕ್ಕಿಲ್ಲ ಎಂದು ಅಂದುಕೊಂಡೆ. ಉಳಿದ ಗಿಡಗಳನ್ನೂ ಕಿತ್ತು ಮುಗಿಸಿದೆ.

ಮೂರನೇ ವಾರಕ್ಕೆ ಆಗಬೇಕಾದದ್ದು ಆಯಿತು.

ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಎಲ್ಲರೂ ಕ್ಯಾನು ಹಿಡಿದು ಸಾಲಿನಲ್ಲಿದ್ದೆವು. ಅವನು ಬೇರು ಸಮೇತ ಕಿತ್ತ ಒಂದು ಹಿಡಿ ಗಿಡ ಹಿಡಿದುಕೊಂಡು ಬಂದ. ಎಲ್ಲವೂ ದೊನ್ನೆಯಾಗಿದ್ದವು.

“ನೋಡ್ರಪ್ಪಾ, ಎಲ್ಲಾರೂ ನೋಡ್ರಿ. ಇಡೀ ಹೊಲ ಹಿಂಗೇ ಆಗೈತೆ. ಕಾಯಿ ಹಂಗಿರ್ಲಿ, ಹೂವೇ ನಿಂತಿಲ್ಲ.”

ಎಲ್ಲರೂ ಒಂದೊಂದು ಹೇಳಿದರು. ನೀರು ಹೆಚ್ಚಾಗಿರಬೇಕು ಎಂದರು, ಗೊಬ್ಬರ ಸುಟ್ಟಿದೆ ಎಂದರು. ಅವನು ನನ್ನ ಕಡೆ ತಿರುಗಿದ. ಅಂಥ ಹೊತ್ತಿನಲ್ಲೂ ನಕ್ಕ. “ಇರ್ರೋ, ನಮ್ಮ ನೊಣದ ಮೇಷ್ಟ್ರು ಇಲ್ಲೇ ಅವ್ನಲ್ಲ. ಹೇಳ್ಲಾ, ಇದು ಎಲ್ಲಿಂದ ಬಂತು?”

ನನ್ನ ಬಾಯಿಗೆ ಬಂದದ್ದು ಒಂದೇ ಮಾತು. “ಸಸಿಯಲ್ಲೇ ಬಂದಿರಬೋದು.”

‘ಇರಬಹುದು’ ಎಂದೇ ಹೇಳಿದ್ದು, ಬಂದಿದೆ ಎಂದು ಹೇಳಲಿಲ್ಲ ಎಂದು ಎಷ್ಟೋ ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ಸಾಲಿನಲ್ಲಿದ್ದವರೊಬ್ಬರು, “ಅಯ್ಯೋ, ಅದು ಇವನ ನಾದಿನಿ ನರ್ಸರೀದೇ ಅಲ್ವಾ? ಸ್ವಂತ ಭಾವನೇ ಹೇಳ್ತಾವ್ನೆ ಅಂದ್ಮೇಲೆ ಇನ್ನೇನೈತೆ?” ಎಂದರು. ಬೇರೆ ಯಾರು ಹೇಳಿದ್ದರೂ ಊರು ಅನುಮಾನಿಸುತ್ತಿತ್ತು. ಸಂಬಂಧವನ್ನೂ ನೋಡದೆ ಸತ್ಯ ಹೇಳಿದ ದೊಡ್ಡ ಮನುಷ್ಯ ಎಂದು ಆ ದಿನ ಕೆಲವರು ನನ್ನನ್ನೇ ಹೊಗಳಿದರು. ಹಾಲು ಅಳೆಸಿಕೊಂಡು ಮನೆಗೆ ಬಂದೆ.

ಅವನು ಅಲ್ಲಿಂದ ನೇರವಾಗಿ ಅವಳ ಮನೆಗೆ ಹೋಗಿ ಗಿಡಗಳನ್ನು ಬಾಗಿಲಿಗೆ ಎಸೆದನಂತೆ. “ರೋಗ ಮಾರ್ಕೊಂಡು ತಿಂತೀಯ?” ಎಂದನಂತೆ. ಅವಳು ಹೊರಗೆ ಬಂದು, ಗಿಡಗಳನ್ನು ಎತ್ತಿಕೊಂಡು, ಒಂದೊಂದೇ ಎಲೆ ಮಗುಚಿ ನೋಡಿ, “ಇದು ನಾಟಿ ಆದ್ಮೇಲೆ ಬಂದಿದ್ದು ಅಣ್ಣಾ” ಎಂದಷ್ಟೇ ಹೇಳಿದಳಂತೆ. ಹೆಂಡತಿ ಇದನ್ನೆಲ್ಲ ಕೇಳಿಕೊಂಡು ಬಂದು ನನ್ನ ಮುಂದೆ ನಿಂತಳು.

“ಡೇರಿ ಹತ್ರ ನೀವೂ ಇದ್ರಂತೆ. ಏನಂದ್ರಿ?”

“ನಾನೇನೂ ಅನ್ನಲಿಲ್ಲ.”

ಅವಳು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.

ಅದಾದ ಕೆಲವು ವಾರಗಳಿಗೆ ನಾದಿನಿಯ ಮನೆಯಿಂದ ಒಂದು ಬಿದಿರು ಬುಟ್ಟಿ ಬಂತು. ತುಂಬ ಟೊಮೆಟೊ. ಕೆಂಪಗೆ, ಒಂದೇ ಸಮ, ಮೇಲೊಂದು ಮಚ್ಚೆಯಿಲ್ಲ. ಪಕ್ಕದ ಹೊಲದವನಿಗೆ ಕೊಟ್ಟು ಉಳಿದ ಟ್ರೇಯ ಸಸಿಗಳನ್ನೇ ಅವಳು ಹಿತ್ತಲಲ್ಲಿ ಊರಿದ್ದಳಂತೆ. ಹೆಂಡತಿ ಅಷ್ಟನ್ನೇ ಹೇಳಿ ಬುಟ್ಟಿಯನ್ನು ನನ್ನ ಮುಂದೆ ಇಟ್ಟು ಒಳಗೆ ಹೋದಳು. ಅದೇ ಬೀಜ, ಅದೇ ಪರದೆ, ಅದೇ ಕೈ. ಸಸಿಯಲ್ಲಿ ರೋಗ ಇದ್ದಿದ್ದರೆ ಆ ಬುಟ್ಟಿ ತುಂಬುತ್ತಿರಲಿಲ್ಲ. ಅವಳು ಜಗಳಕ್ಕೆ ಬರಲಿಲ್ಲ, ಪಂಚಾಯ್ತಿ ಸೇರಿಸಲಿಲ್ಲ. ಹಣ್ಣು ಕಳಿಸಿದಳು. ನನಗೆ ಅರ್ಥವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ನನಗೆ ಅರ್ಥವೂ ಆಯಿತು. ಆ ಹಣ್ಣಿನ ಗೊಜ್ಜನ್ನು ಮುದ್ದೆಯ ಜೊತೆ ತಿಂದೆ.

ನಮ್ಮ ಕಡೆ ತುಂಬಿ ಬಂದ ಬುಟ್ಟಿಯನ್ನು ಬರಿದಾಗಿ ಹಿಂದಕ್ಕೆ ಕಳಿಸುವುದಿಲ್ಲ. ಒಂದು ಹಿಡಿ ಅವರೆಕಾಯಿಯೋ, ನಾಲ್ಕು ನಿಂಬೆಹಣ್ಣೋ, ಏನಾದರೂ ಹಾಕಿ ಕೊಡಬೇಕು. ಆ ಬುಟ್ಟಿಗೆ ಏನು ಹಾಕುವುದೆಂದು ನನಗೆ ತೋಚಲಿಲ್ಲ. ಹೆಂಡತಿ ತಾನೇ ಏನಾದರೂ ಹಾಕಿ ಕಳಿಸಿಬಿಟ್ಟಾಳು ಎಂದು ಅದನ್ನು ತೆಗೆದುಕೊಂಡು ಹೋಗಿ ಹೊಲದ ಪಂಪ್‌ಸೆಟ್ ಮನೆಯಲ್ಲಿ ಹಳೇ ವೈರುಗಳ ಜೊತೆ ಇಟ್ಟೆ. “ಬುಟ್ಟಿ ಎಲ್ರೀ?” ಎಂದರೆ, “ಇಲಿ ಕಡೀತು” ಎಂದೆ.

ಮುಂದಿನ ಸಲ ನಾನು ಸಸಿ ತರಬೇಕಾಯಿತು. ಅವಳಲ್ಲಿ ತಂದರೆ ನನ್ನ ಮಾತು ಸುಳ್ಳಾಗುತ್ತದೆ. ಮಾಲೂರು ರಸ್ತೆಯ ದೊಡ್ಡ ನರ್ಸರಿಯಿಂದ ತರಿಸಿದೆ. ನೊಣದ ಮೇಷ್ಟ್ರೇ ಅಲ್ಲಿಂದ ತಂದ ಮೇಲೆ ಊರಿನವರೆಲ್ಲ ಅಲ್ಲಿಂದಲೇ ತಂದರು. ಎರಡು ಹಂಗಾಮು ಅವಳು ಪರದೆಯೊಳಗೆ ಟ್ರೇಗಳನ್ನು ತುಂಬಿಸಿಟ್ಟು ಕಾದಳು. ಸಸಿ ಬೆಳೆದು, ಕಾಂಡ ಉದ್ದವಾಗಿ, ಒಂದರ ಮೇಲೊಂದು ಒರಗಿದವು. ಮೂರನೆಯ ಹಂಗಾಮಿಗೆ ವೇಮಗಲ್ಲಿನ ಫ್ಯಾಕ್ಟರಿಯೊಂದರ ಬಸ್ಸು ನಮ್ಮೂರಿನ ಗೇಟಿನ ನಿಲ್ದಾಣಕ್ಕೆ ಬಂದಾಗ, ಅವಳು ತಲೆಗೆ ಬಟ್ಟೆಯ ಟೋಪಿ ಹಾಕಿಕೊಂಡು ಹತ್ತಿದಳು. ಪ್ಯಾಕಿಂಗ್ ಕೆಲಸ. ನಾನು ಹಾಲಿನ ಕ್ಯಾನು ಹಿಡಿದು ಹೋಗುವ ಹೊತ್ತೂ ಅದೇ. “ಹಾಲಾಯ್ತಾ ಭಾವ?” ಎಂದು ದಿನಾ ಕೇಳುತ್ತಿದ್ದಳು. “ಆಯ್ತಮ್ಮ” ಎನ್ನುತ್ತಿದ್ದೆ.

ಹೀಗೇ ವರ್ಷಗಳು ಹೋದವು. ಈ ಯುಗಾದಿ ಕಳೆದ ಮೇಲೆ ಅವಳು ಫ್ಯಾಕ್ಟರಿ ಬಿಟ್ಟಳು. ನಿಂತು ನಿಂತು ಮಂಡಿ ನೋವು. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಹೆಂಡತಿ ಹೇಳಿದಳು: “ಮತ್ತೆ ನರ್ಸರಿ ಮಾಡೇ, ಕೂತ್ಕೊಂಡು ಮಾಡೋ ಕೆಲ್ಸ ಅಂದೆ. ‘ಯಾರು ತಗೋತಾರಕ್ಕಾ, ರೋಗದ ಸಸಿಯವಳು ಅಂತ ಹೆಸರಾಗೋಗೈತಲ್ಲ’ ಅಂದ್ಳು.” ಹೇಳಿ, ನನ್ನ ಮುಖ ನೋಡದೆ ಸಾರು ಹಾಕಿದಳು. ನಾನು ಬಾಯಿ ಬಿಟ್ಟರೆ ಆ ಹೆಸರು ಅಳಿಯಬಹುದು, ಅವಳ ಕೈಗೆ ಅವಳ ಕೆಲಸ ಮತ್ತೆ ಸಿಗಬಹುದು ಎಂದು ಅಂದು ತಿಳಿದೆ. ಕೈ ತೊಳೆದು ಹೊರಟೆ.

ಅವಳು ಕೊಟ್ಟಿಗೆಯಲ್ಲಿ ಹಸುವಿಗೆ ಬೂಸಾ ಕಲೆಸುತ್ತಿದ್ದಳು. ನರ್ಸರಿಯ ಬಿಳಿ ಪರದೆ ಈಗ ಕೊಟ್ಟಿಗೆಗೆ ಕಟ್ಟಿತ್ತು, ಸೊಳ್ಳೆ ಬರದಿರಲಿ ಎಂದು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಕುರಿ ಮಂದೆ, ಗಾಳಿ, ಬಿಳಿ ನೊಣ ಹೋದ ದಿಕ್ಕು, ಡೇರಿಯ ಮಾತು. ಅವಳು ಕಲೆಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿತ್ತು ಭಾವ. ನೀವು ಗಿಡ ಕಿತ್ತ ದಿವ್ಸ ಅಕ್ಕ ಕಣ್ಣು ಕೆಂಪು ಮಾಡ್ಕೊಂಡು ನಮ್ಮನೆಗೇ ಬಂದಿದ್ಲು, ಕಣ್ಣಿಗೆ ನೊಣ ಬಿದ್ದೈತೆ ಅಂತ.”

“ಗೊತ್ತಿದ್ರೆ ಯಾಕಮ್ಮ ಸುಮ್ಮನಿದ್ದೆ?”

“ನಾನು ಹೇಳಿದ್ರೆ ವ್ಯಾಪಾರಕ್ಕೆ ಹೇಳ್ತಾವ್ಳೆ ಅಂತಿದ್ರು. ಅಕ್ಕ ಹೇಳಿದ್ರೆ ತಂಗಿ ಕಡೆ ಅಂತಿದ್ರು. ನಿಮ್ಮ ಬಾಯಿಂದ ಬಂದಿದ್ದು ನಿಮ್ಮ ಬಾಯಿಂದ್ಲೇ ಹೋಗ್ಬೇಕಿತ್ತು. ಅದಕ್ಕೇ ಬುಟ್ಟಿ ಕಳಿಸ್ದೆ.” ಕೈ ಕೊಡವಿ ಎದ್ದಳು. “ನನ್ ಹತ್ರ ಹೇಳಿ ಏನ್ಬಂತು? ಎಲ್ಲಿ ಅಂದ್ರೋ ಅಲ್ಲೇ ಹೋಗಿ ಹೇಳಿ.”

ಮಾರನೆಯ ಬೆಳಿಗ್ಗೆ ಡೇರಿಯ ಸಾಲಿನಲ್ಲಿ ಹೇಳಿದೆ. ಎಲ್ಲರಿಗೂ ಕೇಳುವ ಹಾಗೆ ಜೋರಾಗಿಯೇ ಹೇಳಿದೆ. ಅಂದು ಸಾಲಿನಲ್ಲಿದ್ದವರಲ್ಲಿ ಬಹಳ ಜನ ಈಗಿಲ್ಲ. ಸೊಸೆಯರು, ಮೊಮ್ಮಕ್ಕಳು ಕ್ಯಾನು ಹಿಡಿದಿದ್ದರು. ಒಂದು ಹುಡುಗಿ ಫೋನಿನಿಂದ ತಲೆಯೆತ್ತಿ, “ಯಾವ ನರ್ಸರಿ ತಾತ?” ಎಂದಳು. ಹಾಲು ಅಳೆಯುವವನು, “ಹೋಗ್ಲಿ ಬಿಡಿ, ಯಾವ ಕಾಲದ್ದೋ. ಕ್ಯಾನು ಮುಂದಕ್ಕಿಡಿ” ಎಂದ.

ಪಕ್ಕದ ಹೊಲದವನು ಮಾತ್ರ ಕ್ಯಾನು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದ. ಬೆನ್ನು ಬಾಗಿ, ಹಲ್ಲು ಹೋಗಿ, ಅವನೂ ಮುದುಕನಾಗಿದ್ದಾನೆ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ.

“ಆವತ್ತೇ ಹೇಳಿದ್ರೆ ನಾಲ್ಕು ಬೈದು, ಸಾಯಂಕಾಲ ನಿನ್ ಹತ್ರಾನೇ ಬಂದು ಬೀಡಿ ಕೇಳ್ತಿದ್ದೆ ಕಣೋ” ಎಂದ. “ಆಯಮ್ಮನ ಬಾಗಿಲಿಗೆ ನನ್ ಕೈಯಿಂದ ಆ ಗಿಡ ಎಸೆಸ್ದ್ಯಲ್ಲೋ ನೀನು.”

ಅಷ್ಟು ಹೇಳಿ ಹಾಲು ಹಾಕದೇ ಹೊರಟುಹೋದ. ಸಂಜೆ ಅವಳ ಮನೆಗೆ ಹೋಗಿ, ಒಳಗೂ ಹೋಗದೆ, ಬಾಗಿಲಲ್ಲೇ ನಿಂತು ತಪ್ಪಾಯಿತಮ್ಮ ಎಂದನಂತೆ. ಅಂದಿನಿಂದ ನನ್ನನ್ನು ಮೇಷ್ಟ್ರೇ ಎಂದು ಕೂಗಿಲ್ಲ. ಬದುವಿನ ಆ ಕಡೆ ಈ ಕಡೆ ಇಬ್ಬರೂ ಸುಮ್ಮನೆ ಕೆಲಸ ಮಾಡುತ್ತೇವೆ.

ನಾನು ಬುಟ್ಟಿಯನ್ನು ಪಂಪ್‌ಸೆಟ್ ಮನೆಯಿಂದ ತಂದು, ಜೇಡರ ಬಲೆ ತೆಗೆದು ತೊಳೆದೆ. ಹೆಂಡತಿ ಅದನ್ನು ನೋಡಿ, “ಇಲಿ ಕಡಿದಿದ್ದು ಎಲ್ಲಿ?” ಎಂದು ಕೇಳಿದಳು, ಅಷ್ಟೆ. ನನ್ನ ಹೊಲದ ಟೊಮೆಟೊಗಳಲ್ಲಿ ಒಳ್ಳೆಯವನ್ನು ಆರಿಸಿ ತುಂಬಿಸಿಕೊಂಡು ಹೋದೆ. ಕೊಟ್ಟಿಗೆಯ ಪರದೆ ಬಿಚ್ಚಿ ಮತ್ತೆ ಕಂಬಗಳಿಗೆ ಕಟ್ಟಿಕೊಡುತ್ತೇನೆ, ಮೊದಲ ಸಸಿ ನಾನೇ ಕೊಳ್ಳುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೇಳಿಯೂ ಹೇಳಿದೆ.

“ಬಿಡಿ ಭಾವ,” ಎಂದಳು. “ಪರದೆ ಅಲ್ಲಲ್ಲಿ ಹರಿದೈತೆ. ಈಗ ಎಲ್ಲಾರ್ಗೂ ಹೊಲದ ಹತ್ರಕ್ಕೇ ಟೆಂಪೋದಾಗೆ ಸಸಿ ತಂದಿಳಿಸ್ತಾರೆ. ನನ್ ಹತ್ರ ಯಾರ್ ಬರ್ತಾರೆ?” ಕೋಪವಿರಲಿಲ್ಲ. ಸಂಜೆಯ ಹಾಲಿಗೆ ಹೊತ್ತಾಗಿತ್ತು, ಆಗಾಗ ಹಸುವಿನ ಕಡೆ ನೋಡುತ್ತಿದ್ದಳು.

ಆಮೇಲೆ ಬುಟ್ಟಿಯಿಂದ ಒಂದು ಹಣ್ಣು ತೆಗೆದು, ತಿರುಗಿಸಿ, ತೊಟ್ಟಿನ ಸುತ್ತ ಹೆಬ್ಬೆರಳಿನಿಂದ ಸವರಿ ನೋಡಿದಳು.

“ಚೆನ್ನಾಗಿವೆ. ಯಾರ ಸಸಿ ಭಾವ?”

“ಮಾಲೂರು ರಸ್ತೆಯ ನರ್ಸರಿಯದಮ್ಮ” ಎಂದೆ.